ವಜ್ರದ ಬೆನ್ನ ಹಿಂದಿನ ಚರಿತ್ರೆ

ವಜ್ರದ ಉಂಗುರ ಮಾಡಿಸಲು ಹೋದವರ ಮುಂದೆ ಆಭರಣದಂಗಡಿಯವರು ಇಡುವ ಮೊದಲ ಪ್ರಶ್ನೆಗಳಲ್ಲಿ ಒಂದು, 'ಓಪನ್ ಸೆಟ್ಟಿಂಗೋ, ಕ್ಲೋಸ್ ಸೆಟ್ಟಿಂಗೋ?' ಎಂಬುದು. ಕಲ್ಲಿನ ತೂಕ, ಬಣ್ಣ, ಬೆಲೆಗಳ ಬಗ್ಗೆ ವಾರಗಟ್ಟಲೆ ವಿಚಾರಿಸಿಕೊಂಡು ಬಂದವರೂ ಇಲ್ಲಿ ತಡವರಿಸುತ್ತಾರೆ. ಓಪನ್ ಸೆಟ್ಟಿಂಗ್ ಎಂದರೆ ಚಿನ್ನದ ಅಥವಾ ಪ್ಲಾಟಿನಂನ ನಾಲ್ಕೋ ಆರೋ ಪುಟ್ಟ ಉಗುರುಗಳು ಕಲ್ಲಿನ ನಡುವನ್ನು ಹಿಡಿದು ಎತ್ತಿ ನಿಲ್ಲಿಸಿರುತ್ತವೆ. ಕಲ್ಲಿನ ಹಿಂಭಾಗ ಬಯಲಾಗಿರುತ್ತದೆ. ಕ್ಲೋಸ್ ಸೆಟ್ಟಿಂಗ್‌ನಲ್ಲಿ ಕಲ್ಲು ಚಿನ್ನದ ಗೂಡಿನಲ್ಲಿ ಕುಳಿತಿರುತ್ತದೆ. ಕಾಣುವುದು ಮುಖ ಮಾತ್ರ. ಕಲ್ಲಿನ ಬೆನ್ನನ್ನು ಮುಚ್ಚಬೇಕೆ, ತೆರೆದಿಡಬೇಕೆ ಎಂಬ ಈ ಪ್ರಶ್ನೆಯ ಹಿಂದೆ ಕೆಲವು ಶತಮಾನಗಳ ಚರಿತ್ರೆಯಿದೆ. ಅದು ಅಂದಚೆಂದದ ಚರಿತ್ರೆ ಎನ್ನುವುದಕ್ಕಿಂತ ಹೆಚ್ಚಾಗಿ ಬೆಳಕಿನ ಚರಿತ್ರೆ. ಕೊಳ್ಳುವವನಿಗೆ ಕಲ್ಲನ್ನು ಎಷ್ಟು ತೋರಿಸಬೇಕು, ಎಷ್ಟು ಮರೆಮಾಡಬೇಕು ಎಂಬ ವ್ಯವಹಾರದ ಚರಿತ್ರೆಯೂ ಹೌದು.

ನೆಲದಿಂದ ಬರುವ ಒಳ್ಳೆಯ ವಜ್ರ ಸಾಮಾನ್ಯವಾಗಿ ಎರಡು ಪಿರಮಿಡ್ಡುಗಳನ್ನು ತಳಕ್ಕೆ ತಳ ಸೇರಿಸಿ ಇಟ್ಟಂತಿರುತ್ತದೆ. ಎಂಟು ಮುಖ, ಹನ್ನೆರಡು ಅಂಚು, ಆರು ಮೊನೆ. ಸಂಸ್ಕೃತದ ರತ್ನಶಾಸ್ತ್ರ ಗ್ರಂಥಗಳು ಉತ್ತಮ ವಜ್ರದ ಲಕ್ಷಣವೆಂದು ಹೇಳುವುದು ಇದೇ ಸಹಜ ರೂಪವನ್ನು. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಭಾರತದ ವಜ್ರವನ್ನು ವರ್ಣಿಸಿದ್ದೂ ಹೆಚ್ಚುಕಡಿಮೆ ಹೀಗೆಯೇ. ಆಗ ವಜ್ರವನ್ನು ಕತ್ತರಿಸುವ ವಿದ್ಯೆ ರೋಮನರಿಗೆ ತಿಳಿದಿರಲಿಲ್ಲ. ಹಾಗಾಗಿ ಉಂಗುರದ ಚಿನ್ನದಲ್ಲಿ ಗುಳಿ ಮಾಡಿ ಕೆಳಗಿನ ಪಿರಮಿಡ್ಡನ್ನು ಅದರಲ್ಲಿ ಹುದುಗಿಸುತ್ತಿದ್ದರು. ಮೇಲಿನ ಮೊನೆಯಷ್ಟೇ ಹೊರಗೆ ಕಾಣುತ್ತಿತ್ತು. ಅಂಥ ರೋಮನ್ ಉಂಗುರಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇವೆ. ಇಂದಿನ ಕಣ್ಣಿಗೆ ಅವು ಮಂಕಾಗಿ, ಗಾಜಿನ ಚೂರಿನಂತೆ ಕಂಡಾವು. ಅಂದು ವಜ್ರಕ್ಕಿದ್ದ ಬೆಲೆ ಹೊಳಪಿಗಲ್ಲ, ಯಾವುದಕ್ಕೂ ಸೋಲದ ಗಟ್ಟಿತನಕ್ಕೆ.

ಹದಿನಾಲ್ಕು, ಹದಿನೈದನೆಯ ಶತಮಾನಗಳ ಯೂರೋಪಿನಲ್ಲಿ ವಜ್ರದ ಪುಡಿಯಿಂದಲೇ ವಜ್ರವನ್ನು ಉಜ್ಜುವ ಕೌಶಲ ಬೆಳೆಯಿತು. ಪಿರಮಿಡ್ಡಿನ ಮೇಲಿನ ಮೊನೆಯನ್ನು ಸವೆಸಿ ಚೌಕನೆಯ ಹಲಗೆಯಂತೆ ಮಾಡಿದ 'ಟೇಬಲ್ ಕಟ್' ಬಂತು. ಆದರೆ ಇದೂ ಬೆಳಕನ್ನು ಅಷ್ಟಾಗಿ ಹಿಂದಿರುಗಿಸುತ್ತಿರಲಿಲ್ಲ. ಆ ಕಾಲದ ಯೂರೋಪಿನ ಭಾವಚಿತ್ರಗಳನ್ನು ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ: ರಾಣಿಯರ ಕೈಬೆರಳಲ್ಲಿ, ಎದೆಯ ಮೇಲೆ ಇರುವ ವಜ್ರಗಳು ಕಪ್ಪಗಿವೆ. ಚಿತ್ರಕಾರರು ತಪ್ಪಿದ್ದಲ್ಲ. ಮುಚ್ಚಿದ ಗೂಡಿನಲ್ಲಿ ಕುಳಿತ ಟೇಬಲ್ ಕಟ್ ವಜ್ರ ಹೆಚ್ಚಿನ ಕೋನಗಳಿಂದ ಕಾಣುತ್ತಿದ್ದುದೇ ಹಾಗೆ. ಬೆಳಕನ್ನು ಕಲ್ಲು ತಾನೇ ಕೊಡದಿದ್ದರೆ ಕಲ್ಲಿನ ಹಿಂದೆ ಏನಾದರೂ ಮಾಡಿ ತರಬೇಕಾಗಿತ್ತು. ಅದು ಕಲ್ಲು ಕೂರಿಸುವವನ ಕೆಲಸ.

ಈ ಕೆಲಸದ ಬಗ್ಗೆ ಬಿಚ್ಚಿ ಬರೆದವರಲ್ಲಿ ಇಟಲಿಯ ಫ್ಲಾರೆನ್ಸಿನ ಬೆನ್ವೆನುತೊ ಚೆಲ್ಲಿನಿ ಪ್ರಮುಖ. ಶಿಲ್ಪಿ, ಅಕ್ಕಸಾಲಿಗ, ಜಗಳಗಂಟ. ಕತ್ತಿ ಹಿರಿಯುವುದರಲ್ಲೂ ಹಿಂದೆ ಬಿದ್ದವನಲ್ಲ. 1536ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಟ್ಯೂನಿಸ್ ಗೆದ್ದ ಮೇಲೆ ರೋಮಿಗೆ ಬಂದಾಗ ಅವನಿಗೆ ಕಾಣಿಕೆ ಕೊಡಲು ಪೋಪ್ ಮೂರನೆಯ ಪಾಲ್ ಒಂದು ದೊಡ್ಡ ವಜ್ರವನ್ನು ತೆಗೆದಿಟ್ಟಿದ್ದ. ಅದನ್ನು ಉಂಗುರಕ್ಕೆ ಕೂರಿಸುವ ಹೊಣೆ ಚೆಲ್ಲಿನಿಗೆ ಬಂತು. ಆ ಕಲ್ಲಿನ ಹಿಂಬದಿಗೆ ಮೊದಲೇ ವೆನಿಸ್ಸಿನ ಹೆಸರಾಂತ ರತ್ನಪಡಿ ಮಿಲಿಯಾನೊ ತಾರ್ಗೆತ್ತ ಬಣ್ಣ ಹಚ್ಚಿದ್ದ. ಅದಕ್ಕಿಂತ ಚೆನ್ನಾಗಿ ಯಾರಿಂದಲೂ ಆಗದೆಂದು ರೋಮಿನ ರತ್ನವ್ಯಾಪಾರಿಗಳು ಹಟ ಹಿಡಿದಿದ್ದರು. ಚೆಲ್ಲಿನಿ ತನ್ನದೇ ಒಂದು ಲೇಪ ತಯಾರಿಸಿ ಹಚ್ಚಿ, ಕಲ್ಲನ್ನು ಅವರ ಮುಂದೆ ಹಿಡಿದ. ಹನ್ನೆರಡು ಸಾವಿರ ಸ್ಕೂಡಿ ಬಾಳುತ್ತದೆಂದು ಹಿಂದೆ ಅಂದಾಜಿಸಿದ್ದ ಕಲ್ಲು ಈಗ ಹದಿನೆಂಟು ಸಾವಿರ ಬಾಳುತ್ತದೆಂದು ಅವರೇ ಒಪ್ಪಿಕೊಂಡರು. ಇದನ್ನು ಹೇಳುವವನು ಚೆಲ್ಲಿನಿಯೇ, ತನ್ನ ಆತ್ಮಕಥೆಯಲ್ಲಿ. ಹೊಗಳಿಕೆ ಸ್ವಂತದ್ದಾದ್ದರಿಂದ ಸ್ವಲ್ಪ ಸೋಡಿ ಬಿಟ್ಟೇ ಓದಬೇಕು. ಆದರೂ ಮುಖ್ಯ ಸಂಗತಿ ಅನುಮಾನಕ್ಕೆ ಎಡೆಯಿಲ್ಲದ್ದು. ಕಲ್ಲು ಅದೇ, ತೂಕ ಅದೇ. ಬೆಲೆ ಏರಿದ್ದು ಯಾರಿಗೂ ಕಾಣದ ಹಿಂಬದಿಯ ಲೇಪದಿಂದ.

ಆ ಲೇಪ ಏನು? 1568ರಲ್ಲಿ ಅಚ್ಚಾದ ಅಕ್ಕಸಾಲೆ ಕೆಲಸದ ಗ್ರಂಥದಲ್ಲಿ ಚೆಲ್ಲಿನಿ ಅದರ ಗುಟ್ಟನ್ನು ಬಿಟ್ಟುಕೊಟ್ಟಿದ್ದಾನೆ. ಶುದ್ಧವಾದ ದೀಪಕ್ಕೆ ಬಿಳಿ ಹತ್ತಿಯ ಬತ್ತಿ ಹಾಕಿ, ತಿಳಿಯಾದ ಎಣ್ಣೆ ತುಂಬಿ, ಎರಡು ಇಟ್ಟಿಗೆಗಳ ನಡುವೆ ಇಟ್ಟು, ಮೇಲೆ ತಾಮ್ರದ ಬೋಗುಣಿ ಕವುಚಬೇಕು. ಅದಕ್ಕೆ ಹಿಡಿದ ಮಸಿಯನ್ನು ಕೆರೆದು ಮರದ ಅಂಟಿನ ಜೊತೆ ಬೆರೆಸಬೇಕು. ನಮ್ಮ ಮನೆಗಳಲ್ಲಿ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದ ಕ್ರಮಕ್ಕೂ ಇದಕ್ಕೂ ಎಷ್ಟು ಹೋಲಿಕೆ! ಬಿಳಿಯ ವಜ್ರದ ಹಿಂದೆ ಕಾಡಿಗೆ ಬಳಿಯುವುದು ವಿಚಿತ್ರವೆನಿಸಬಹುದು. ಆದರೆ ಹದವರಿತು ಬಳಿದ ತೆಳು ಕಪ್ಪು ಕಲ್ಲಿನ ಹಳದಿ ಛಾಯೆಯನ್ನು ನುಂಗಿ, ಮೇಲಿನ ಮುಖಗಳ ಮಿಂಚನ್ನು ಎತ್ತಿ ತೋರಿಸುತ್ತಿತ್ತು. ಬೇರೆ ಹರಳುಗಳ ಹಿಂದೆ ಬಣ್ಣ ಕೊಟ್ಟ ಲೋಹದ ತಗಡು ಇಡುವುದು ರೂಢಿಯಲ್ಲಿತ್ತು.

ಇತ್ತ ಭಾರತದಲ್ಲಿ ಇದೇ ಕಷ್ಟಕ್ಕೆ ಬೇರೆಯೇ ಒಂದು ಪರಿಹಾರ ಬೆಳೆದಿತ್ತು. ಅದು ಕುಂದಣ. 'ಚಿನ್ನಕ್ಕೆ ಕುಂದಣವಿಟ್ಟಂತೆ' ಎಂದು ಕನ್ನಡಿಗರು ಮಾತಿನಲ್ಲಿ ಬಳಸುವುದುಂಟು. ಹಾಗೆನ್ನುವವರಲ್ಲಿ ಎಷ್ಟೋ ಮಂದಿ ಕುಂದಣದ ಕೆಲಸವನ್ನು ನೋಡಿರಲಾರರು. ಕುಂದಣವೆಂದರೆ ಮತ್ತೆ ಮತ್ತೆ ಪುಟವಿಟ್ಟು, ಬೇರೆ ಲೋಹದ ಸೋಂಕೆಲ್ಲ ಕಳೆದು, ತೆಳ್ಳಗೆ ಬಡಿದ ಅಪರಂಜಿ ಚಿನ್ನ. ಒಡವೆಯ ಟೊಳ್ಳು ಗೂಡಿಗೆ ಮೊದಲು ಅರಗು ತುಂಬುತ್ತಾರೆ. ಅದರ ಮೇಲೆ ಮಿರುಗುವ ಬೆಳ್ಳಿಯ ತಗಡು, ತಗಡಿನ ಮೇಲೆ ಕಲ್ಲು. ಬಳಿಕ ಕಲ್ಲಿಗೂ ಗೂಡಿನ ಅಂಚಿಗೂ ನಡುವಿನ ಸಂದಿಯಲ್ಲಿ ಕುಂದಣದ ಪಟ್ಟಿಯನ್ನು ಉಕ್ಕಿನ ಸಲಾಕೆಯಿಂದ ಒತ್ತುತ್ತ ಹೋಗುತ್ತಾರೆ. ಬೆಂಕಿ ಬೇಡ, ಬೆಸುಗೆ ಬೇಡ. ಅಷ್ಟು ಶುದ್ಧವಾದ ಚಿನ್ನ ಬರಿಯ ಒತ್ತಡಕ್ಕೇ ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತದೆ.

ಅಕ್ಬರನ ಆಸ್ಥಾನದ ಅಬುಲ್ ಫಜಲ್ ಹದಿನಾರನೆಯ ಶತಮಾನದ ಕೊನೆಯಲ್ಲಿ ಬರೆದ 'ಐನ್-ಎ-ಅಕ್ಬರಿ'ಯಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳಿದ್ದಾನೆ. ಬೇರೆ ದೇಶಗಳಲ್ಲಿ ರತ್ನಗಳನ್ನು ಅವಕ್ಕೆಂದೇ ಮಾಡಿದ ಗೂಡುಗಳಲ್ಲಿ ಭದ್ರಪಡಿಸುತ್ತಾರೆ, ಹಿಂದೂಸ್ಥಾನದಲ್ಲಿ ಆ ಕೆಲಸವನ್ನು ಕುಂದಣದಿಂದ ಮಾಡುತ್ತಾರೆ ಎಂಬುದು ಅವನ ಮಾತಿನ ಸಾರ. ಕೈಯಲ್ಲೇ ಹಿಸುಕಿ ಆಕಾರ ಕೊಡಬಹುದಾದಷ್ಟು ಮೆತ್ತನೆಯ ಚಿನ್ನ ಪಾರಸಿಕ ದೊರೆ ಪರ್ವೇಜನ ಬಳಿ ಇತ್ತೆಂಬ ದಂತಕಥೆಯುಂಟು. ಕುಂದಣವನ್ನು ನೋಡಿದರೆ ಅದನ್ನೂ ನಂಬಬಹುದು ಎಂದು ಅವನು ಸೇರಿಸುತ್ತಾನೆ.

ಕುಂದಣ ಇಲ್ಲಿ ಬೇರೂರಿದ್ದಕ್ಕೆ ಬಲವಾದ ಕಾರಣವೊಂದಿತ್ತು. ಹದಿನೇಳನೆಯ ಶತಮಾನದಲ್ಲಿ ದಖನ್ನಿನ ಗಣಿಗಳನ್ನು ಕಣ್ಣಾರೆ ಕಂಡ ಫ್ರೆಂಚ್ ವರ್ತಕ ಟಾವರ್ನಿಯೆ ತನ್ನ ಪ್ರವಾಸ ಗ್ರಂಥದಲ್ಲಿ ಇಲ್ಲಿನ ಸಾಣೆಗಾರರನ್ನು ವರ್ಣಿಸಿದ್ದಾನೆ. ಗೋಲ್ಕೊಂಡದಿಂದ ಐದು ದಿನ, ಬಿಜಾಪುರದಿಂದ ಎಂಟೊಂಬತ್ತು ದಿನದ ದಾರಿಯಲ್ಲಿದ್ದ ಗಣಿಯಲ್ಲಿ ಅಂಥ ಹಲವರು ಕೆಲಸ ಮಾಡುತ್ತಿದ್ದರು. ಒಬ್ಬೊಬ್ಬನ ಬಳಿಯೂ ಊಟದ ತಟ್ಟೆಯಷ್ಟು ಅಗಲದ ಒಂದೊಂದು ಉಕ್ಕಿನ ಚಕ್ರ. ಕಲ್ಲು ನಿರ್ದೋಷವಾಗಿದ್ದರೆ ಅದನ್ನು ಚಕ್ರಕ್ಕೆ ಸುಮ್ಮನೆ ಸೋಕಿಸಿ ಬಿಡುತ್ತಾರೆ, ತೂಕ ಕಳೆದುಹೋಗುವ ಭಯಕ್ಕೆ ಆಕಾರ ಕೊಡಲು ಹೋಗುವುದಿಲ್ಲ. ಒಳಗೆ ಕಲೆಯಿದ್ದರೆ ಮಾತ್ರ ಅದು ಕಾಣದಂತೆ ಮೇಲೆಲ್ಲ ಸಣ್ಣ ಮುಖಗಳನ್ನು ಕೊರೆಯುತ್ತಾರೆ ಎಂದು ಅವನು ಬರೆಯುತ್ತಾನೆ. ತೂಕ ಕಳೆದವನ ಪಾಡೂ ಅವನಿಗೆ ಗೊತ್ತಿತ್ತು. ಮೊಗಲರ ಒಂದು ಮಹಾವಜ್ರವನ್ನು ಸಾಣೆ ಹಿಡಿದು ತೀರಾ ಚಿಕ್ಕದು ಮಾಡಿದ ವೆನಿಸ್ಸಿನ ಹೊರ್ತೆನ್ಸಿಯೊ ಬೊರ್ಜಿಯೊಗೆ ಕೂಲಿ ಸಿಗಲಿಲ್ಲ. ಬದಲಾಗಿ ಹತ್ತು ಸಾವಿರ ರೂಪಾಯಿ ದಂಡ ಬಿತ್ತು.

ಕಲ್ಲನ್ನು ಮುಟ್ಟದೆ ಉಳಿಸಬೇಕಾದರೆ ಅದರ ಅಡ್ಡಾದಿಡ್ಡಿ ಆಕಾರಕ್ಕೆ ಒಡವೆಯೇ ಹೊಂದಿಕೊಳ್ಳಬೇಕು. ಉಗುರುಗಳಲ್ಲಿ ಹಿಡಿಯಲು ಕಲ್ಲು ಸಮನಾಗಿರಬೇಕು. ಕುಂದಣಕ್ಕೆ ಆ ಹಂಗಿಲ್ಲ. ಓರೆಯಿದ್ದರೆ ಓರೆಯಾಗಿ, ಚಪ್ಪಟೆಯಿದ್ದರೆ ಚಪ್ಪಟೆಯಾಗಿ ಚಿನ್ನ ಕಲ್ಲನ್ನು ತಬ್ಬಿಕೊಳ್ಳುತ್ತದೆ. ಹಿಂದಿನ ಬೆಳ್ಳಿಯ ತಗಡು ಕನ್ನಡಿಯಂತೆ ಬೆಳಕನ್ನು ವಾಪಸು ಕಳಿಸುತ್ತದೆ. ಎಣ್ಣೆದೀಪದ ಬೆಳಕಿನಲ್ಲಿ ಅಂಥ ಕಲ್ಲು ಚುಚ್ಚುವಂತೆ ಮಿಂಚುವುದಿಲ್ಲ, ನೀರಿನಂತೆ ತೇಲುವ ಹೊಳಪು ಕೊಡುತ್ತದೆ. ಈ ಕಲೆಯನ್ನು 'ಹಳೆಯ ಕಾಲದ ಒರಟು ಕೆಲಸ' ಎಂದು ತಳ್ಳಿಹಾಕುವವರು ಅದನ್ನು ದೀಪದ ಬೆಳಕಿನಲ್ಲಿ ನೋಡಿರುವುದಿಲ್ಲ.

ಆದರೆ ಮುಚ್ಚಿದ ಬೆನ್ನಿಗೆ ಇನ್ನೊಂದು ಮುಖವೂ ಇದೆ. ಚೆಲ್ಲಿನಿಯ ಕಾಡಿಗೆ ಒಳ್ಳೆಯ ಕಲ್ಲನ್ನು ಮೇಲೆತ್ತಿದ ಹಾಗೆಯೇ ಕೆಟ್ಟ ಕಲ್ಲನ್ನೂ ಮೇಲೆತ್ತಬಲ್ಲದು. ಗೂಡಿನಲ್ಲಿ ಕುಳಿತ ಕಲ್ಲಿನ ಆಳವೆಷ್ಟು, ತೂಕವೆಷ್ಟು, ಕೆಳಗೆ ಬಿರುಕಿದೆಯೇ, ಬಣ್ಣ ಕಲ್ಲಿನದೋ ತಗಡಿನದೋ ಎಂಬುದನ್ನು ಹೊರಗಿನಿಂದ ಹೇಳುವುದು ಕಷ್ಟ. ಮೇಲೆ ತೆಳುವಾದ ರತ್ನದ ಪದರ, ಕೆಳಗೆ ಗಾಜು ಅಂಟಿಸಿ ಮಾರುವ ಮೋಸವೂ ಹಳೆಯದೇ. ಒಡವೆಯನ್ನು ತೂಗಿದರೆ ಅರಗಿನ ತೂಕವೂ ಸೇರುತ್ತದೆ. ಮಾರಲು ಹೋದಾಗ ಅದನ್ನು ಕಳೆಯುತ್ತಾರೆ. ಹೀಗಾಗಿ ಮುಚ್ಚಿದ ಕಟ್ಟಿನ ಒಡವೆ ಕೊಳ್ಳುವುದೆಂದರೆ ಅಕ್ಕಸಾಲಿಗನ ಮಾತನ್ನು ಕೊಳ್ಳುವುದು. ಮನೆತನಕ್ಕೊಬ್ಬ ಅಕ್ಕಸಾಲಿಗ ತಲೆಮಾರುಗಳ ಕಾಲ ಉಳಿದುಬರುತ್ತಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

ಬೆನ್ನು ತೆರೆದುಕೊಂಡದ್ದು ಹಂತಹಂತವಾಗಿ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ಸಾಣೆಗಾರರು ಮೇಲೆ ಕೆಳಗೆ ಸೇರಿ ಐವತ್ತಕ್ಕೂ ಹೆಚ್ಚು ಮುಖಗಳಿರುವ 'ಬ್ರಿಲಿಯಂಟ್' ಕಟ್ಟನ್ನು ರೂಪಿಸಿದ್ದರು. ಇದರಲ್ಲಿ ತೂಕ ಬಹಳ ಹೋಗುತ್ತದೆ. ವಜ್ರ ಅಪರೂಪವಾಗಿದ್ದಾಗ ಅಂಥ ದುಂದು ಎಲ್ಲರಿಗೂ ಸಾಧ್ಯವಿರಲಿಲ್ಲ. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕಿತು. ಬೋರ್ನಿಯೊವನ್ನು ಬಿಟ್ಟರೆ ಅಲ್ಲಿಯವರೆಗೆ ಜಗತ್ತಿಗೆಲ್ಲ ವಜ್ರ ಹೋಗುತ್ತಿದ್ದುದು ಭಾರತದಿಂದಲೇ. ಪೂರೈಕೆ ಹೆಚ್ಚಿದಂತೆ ಸಾಣೆಯ ಚಕ್ರಕ್ಕೆ ಧೈರ್ಯ ಬಂತು. ಆ ಶತಮಾನದ ಕೊನೆಯ ಭಾಗದಲ್ಲಿ ಕಲ್ಲಿನ ಹಿಂಭಾಗವನ್ನು ತೆರೆದಿಡುವ ಉಂಗುರಗಳು ಕಾಣಿಸಿಕೊಳ್ಳತೊಡಗಿದವು.

ಬ್ರಿಲಿಯಂಟ್ ಕಟ್ಟಿಗೆ ತಗಡು ಏಕೆ ಬೇಡ? ವಜ್ರ ಬೆಳಕನ್ನು ಬಹಳ ಬಗ್ಗಿಸುವ ವಸ್ತು. ಒಳಗೆ ಹೊಕ್ಕ ಕಿರಣ ಕೆಳಗಿನ ಮುಖವನ್ನು ಲಂಬಕ್ಕೆ ಸುಮಾರು ಇಪ್ಪತ್ತನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ಓರೆಯಾಗಿ ತಾಕಿದರೆ ಹೊರಕ್ಕೆ ದಾಟದೆ ಒಳಗೇ ಮರಳುತ್ತದೆ. ಗಾಜಿನಲ್ಲಿ ಹೀಗಾಗಲು ನಲವತ್ತು ಡಿಗ್ರಿಗೂ ಹೆಚ್ಚಿನ ಓರೆ ಬೇಕು. ಕೆಳಗಿನ ಮುಖಗಳ ಇಳಿಜಾರು ಸರಿಯಾಗಿದ್ದರೆ ಮೇಲಿನಿಂದ ಬಂದ ಬೆಳಕು ಎರಡು ಬಾರಿ ಪುಟಿದು ಮತ್ತೆ ಮೇಲಕ್ಕೇ ಬರುತ್ತದೆ, ಏಳು ಬಣ್ಣವಾಗಿ ಒಡೆದುಕೊಂಡು. ಕಲ್ಲೇ ಕನ್ನಡಿಯಾದ ಮೇಲೆ ಹಿಂದೆ ಇನ್ನೊಂದು ಕನ್ನಡಿ ಏಕೆ? ಆ ಇಳಿಜಾರಿನ ಗಣಿತವನ್ನು ಪೂರ್ಣವಾಗಿ ಬರೆದವನು ಬೆಲ್ಜಿಯಂನ ಸಾಣೆಗಾರರ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ, 1919ರಲ್ಲಿ.

ಹಳೆಯ ಕಣ್ಣು ಮತ್ತು ಹೊಸ ಕಣ್ಣು ಮುಖಾಮುಖಿಯಾದ ದೊಡ್ಡ ಪ್ರಸಂಗ 1851ರದು. ರಣಜಿತ್ ಸಿಂಗ್ ತೋಳಿಗೆ ಕಟ್ಟಿಕೊಳ್ಳುತ್ತಿದ್ದ ಕೊಹಿನೂರ್ 1849ರಲ್ಲಿ ಬ್ರಿಟಿಷರ ಪಾಲಾಗಿ, ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಬಂತು. ಜನ ಮುಗಿಬಿದ್ದರು; ನೋಡಿ ನಿರಾಶರಾದರು. ಗ್ಯಾಸ್ ದೀಪ, ಕನ್ನಡಿಗಳನ್ನು ಇಟ್ಟರೂ ಕಲ್ಲು ಅವರಿಗೆ ಬೇಕಾದಂತೆ ಮಿಂಚಲಿಲ್ಲ. ತೂಕ ಉಳಿಸಿ ಕತ್ತರಿಸಿದ ಭಾರತದ ಕಲ್ಲಿನಿಂದ ಅವರು ಬ್ರಿಲಿಯಂಟ್‌ನ ಕಿಡಿಗಳನ್ನು ನಿರೀಕ್ಷಿಸಿದ್ದರು. 1852ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಲಸಗಾರರನ್ನು ಕರೆಸಿ ಅದನ್ನು ಮತ್ತೆ ಸಾಣೆ ಹಿಡಿಸಲಾಯಿತು. ಇಂದಿನ ಲೆಕ್ಕದಲ್ಲಿ ಸುಮಾರು 191 ಕ್ಯಾರೆಟ್ ಇದ್ದ ವಜ್ರ 105.6 ಕ್ಯಾರೆಟ್‌ಗೆ ಇಳಿಯಿತು. ಬೊರ್ಜಿಯೊಗೆ ದಂಡ ಹಾಕಿದವರು ಇದಕ್ಕೆ ಏನು ಹೇಳುತ್ತಿದ್ದರೋ!

ಇನ್ನುಳಿದದ್ದು ವೇಗವಾಗಿ ನಡೆಯಿತು. 1867ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಮೊದಲ ವಜ್ರ, ನಾಲ್ಕೇ ವರ್ಷದಲ್ಲಿ ಕಿಂಬರ್ಲಿಯ ಗಣಿ. ವಜ್ರ ಅರಮನೆಯಿಂದ ಮಧ್ಯಮವರ್ಗದ ಬೆರಳಿಗೆ ಇಳಿಯಿತು. 1886ರಲ್ಲಿ ನ್ಯೂಯಾರ್ಕಿನ ಟಿಫನಿ ಕಂಪನಿ ಆರು ಉಗುರುಗಳಿಂದ ಒಂದೇ ಕಲ್ಲನ್ನು ಬಳೆಯಿಂದ ಮೇಲಕ್ಕೆತ್ತಿ ನಿಲ್ಲಿಸಿದ ಉಂಗುರವನ್ನು ಮಾರಾಟಕ್ಕೆ ತಂದಿತು. ಲೋಹ ಆದಷ್ಟು ಕಡಿಮೆ, ಕಲ್ಲು ಆದಷ್ಟು ಹೆಚ್ಚು. ಅಮೆರಿಕದ ನಗರಗಳಿಗೆ ವಿದ್ಯುದ್ದೀಪ ಬರುತ್ತಿದ್ದ ದಶಕವೂ ಅದೇ. ಇಂದು 'ಸಾಲಿಟೇರ್' ಎಂದು ಬೆಂಗಳೂರಿನ ಅಂಗಡಿಗಳಲ್ಲಿ ಕೇಳಿ ಪಡೆಯುವ ನಿಶ್ಚಿತಾರ್ಥದ ಉಂಗುರಗಳಲ್ಲಿ ಹೆಚ್ಚಿನವು ಅದರ ಮೊಮ್ಮಕ್ಕಳೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲಾಟಿನಂ ಬಳಕೆಗೆ ಬಂದು ಉಗುರುಗಳು ಇನ್ನೂ ಸಣ್ಣಗಾದವು. 1979ರಲ್ಲಿ ಜರ್ಮನಿಯ ನೀಸಿಂಗ್ ಕಂಪನಿ ಉಗುರನ್ನೂ ಕೈಬಿಟ್ಟು, ಬಳೆಯ ಎರಡು ತುದಿಗಳ ಒತ್ತಡದಲ್ಲೇ ಕಲ್ಲು ನಿಲ್ಲುವ ಉಂಗುರ ಮಾಡಿತು. ಸಣ್ಣ ಕಲ್ಲಿನ ಸುತ್ತ ಮಿರುಗುವ ಬಿಳಿ ಲೋಹ ಕೊರೆದು ಅದನ್ನು ದೊಡ್ಡದಾಗಿ ತೋರಿಸುವ ತಂತ್ರವೂ ಬಂತು. ನಮ್ಮಲ್ಲಿ ಇದನ್ನು 'ಮಿರಾಕಲ್ ಪ್ಲೇಟ್' ಎನ್ನುತ್ತಾರೆ. ಚೆಲ್ಲಿನಿಯ ಕಾಡಿಗೆ ಹಿಂದಿನಿಂದ ಮಾಡುತ್ತಿದ್ದುದನ್ನು ಇದು ಪಕ್ಕದಿಂದ ಮಾಡುತ್ತದೆ, ಅಷ್ಟೇ.

ಇಷ್ಟಾದರೂ ದಕ್ಷಿಣ ಭಾರತದಲ್ಲಿ ಮುಚ್ಚಿದ ಕಟ್ಟು ಹಿಂದೆ ಸರಿದಿಲ್ಲ. ಏಳು ಕಲ್ಲಿನ ಓಲೆ, ಬೇಸರಿ, ಮೂಗುಬೊಟ್ಟುಗಳಿಗೆ ಈಗಲೂ ಅದನ್ನೇ ಕೇಳುವವರಿದ್ದಾರೆ. ದಿನವೂ ಮೈಮೇಲಿರುವ ಒಡವೆ ಕೂದಲಿಗೆ, ಸೀರೆಯ ಎಳೆಗೆ ಸಿಕ್ಕಿಕೊಳ್ಳಬಾರದು, ಕಲ್ಲು ಬಿದ್ದುಹೋಗಬಾರದು. ಗ್ರಹಗತಿಗಾಗಿ ಹರಳಿನ ಉಂಗುರ ಹಾಕುವವರ ರೂಢಿ ಮಾತ್ರ ಇದಕ್ಕೆ ವಿರುದ್ಧ. ಹರಳು ಚರ್ಮಕ್ಕೆ ತಾಗಬೇಕೆಂಬ ನಂಬಿಕೆಯಿಂದ ಅಲ್ಲಿ ಬೆನ್ನು ತೆರೆದಿರಲೇಬೇಕು. ಹೀಗೆ ಒಂದೇ ಮನೆಯಲ್ಲಿ ಅಜ್ಜಿಯ ಓಲೆ ಮುಚ್ಚಿದ್ದು, ತಾತನ ಉಂಗುರ ತೆರೆದದ್ದು.

ಉಂಗುರಕ್ಕೆ ಯಾವುದು ಸರಿ ಎಂಬುದನ್ನು ಕಲ್ಲು ಮತ್ತು ಕೈ ಎರಡೂ ಸೇರಿ ತೀರ್ಮಾನಿಸುತ್ತವೆ. ವಜ್ರ ಎಲ್ಲಕ್ಕಿಂತ ಗಟ್ಟಿ ನಿಜ, ಆದರೆ ಒಡೆಯದ ವಸ್ತುವಲ್ಲ. ಅದರ ಹರಳಿನ ರಚನೆಯಲ್ಲಿ ನಾಲ್ಕು ದಿಕ್ಕುಗಳಲ್ಲಿ ಸೀಳುವ ಗುಣವಿದೆ. ಚೌಕನೆಯ, ಎಲೆಯಾಕಾರದ ಕಲ್ಲುಗಳ ಮೊನೆಗೆ ಪೆಟ್ಟು ಬಿದ್ದರೆ ಚಕ್ಕೆ ಏಳಬಹುದು. ಆ ಮೊನೆಗಳನ್ನು ಲೋಹ ಮುಚ್ಚಿ ಹಿಡಿದಿರಬೇಕು. ನಾಲ್ಕು ಉಗುರಿನಲ್ಲಿ ಕಲ್ಲು ಹೆಚ್ಚು ಕಾಣುತ್ತದೆ. ಆರರಲ್ಲಿ ಒಂದು ಸವೆದರೂ ಉಳಿದವು ಹಿಡಿದಿರುತ್ತವೆ. ಹಿಟ್ಟು ನಾದುವ, ಪಾತ್ರೆ ತೊಳೆಯುವ, ಯಂತ್ರ ಮುಟ್ಟುವ ಕೈಗೆ ಕಲ್ಲಿನ ಸುತ್ತ ಚಿನ್ನದ ಅಂಚು ಮಡಿಸಿದ ಕಟ್ಟು ವಾಸಿ. ಅದರಲ್ಲಿ ಬೆನ್ನನ್ನು ತೆರೆದೂ ಇಡಬಹುದು.

ತೆರೆದ ಬೆನ್ನಿಗೂ ಆರೈಕೆ ಬೇಕು. ವಜ್ರಕ್ಕೆ ನೀರು ಹಿಡಿಸುವುದಿಲ್ಲ, ಜಿಡ್ಡು ಎಂದರೆ ಪ್ರಾಣ. ಕಿಂಬರ್ಲಿಯ ಗಣಿಗಳಲ್ಲಿ 1890ರ ದಶಕದಲ್ಲಿ ಇದನ್ನೇ ಬಳಸಿಕೊಂಡು, ಪುಡಿಮಾಡಿದ ಅದಿರನ್ನು ನೀರಿನೊಡನೆ ಗ್ರೀಸ್ ಬಳಿದ ಮೇಜಿನ ಮೇಲೆ ಹರಿಸಿದರು. ಕಲ್ಲುಮಣ್ಣು ತೊಳೆದುಹೋಗಿ ವಜ್ರ ಗ್ರೀಸಿಗೆ ಅಂಟಿ ನಿಲ್ಲುತ್ತಿತ್ತು. ಬೆರಳಿನ ಉಂಗುರದಲ್ಲೂ ಹಾಗೆಯೇ. ಕೊಬ್ಬರಿಎಣ್ಣೆ, ಸೋಪಿನ ಜಿಡ್ಡು ಕಲ್ಲಿನ ಹಿಂಬದಿಗೆ ಅಂಟಿಕೊಂಡರೆ ಒಳಗೆ ಪುಟಿಯಬೇಕಾದ ಬೆಳಕು ಸೋರಿಹೋಗುತ್ತದೆ. ಓಪನ್ ಸೆಟ್ಟಿಂಗ್ ಉಂಗುರ ವರ್ಷಕ್ಕೆಲ್ಲ ಮಂಕಾಯಿತೆಂದು ಕಲ್ಲನ್ನು ಶಂಕಿಸುವವರು ಮೊದಲು ಬಿಸಿನೀರು, ಮೆತ್ತನೆಯ ಬ್ರಷ್ಷಿನಿಂದ ಬೆನ್ನು ತೊಳೆದು ನೋಡಬೇಕು. ಮುಚ್ಚಿದ ಕಟ್ಟಿನದನ್ನು ಹೀಗೆ ನೀರಿನಲ್ಲಿ ನೆನೆಸಬಾರದು. ಸಂದಿಯಿಂದ ನೀರು ಇಳಿದರೆ ಬೆಳ್ಳಿಯ ತಗಡು ಕಪ್ಪಾಗುತ್ತದೆ.

ಕಷ್ಟದ ಆಯ್ಕೆ ಎದುರಾಗುವುದು ಹಳೆಯ ಒಡವೆ ಒಡೆಸಿ ಹೊಸ ಉಂಗುರ ಮಾಡಿಸುವಾಗ. ಅಜ್ಜಿಯ ಕಾಲದ ಕಲ್ಲನ್ನು ಗೂಡಿನಿಂದ ಎಬ್ಬಿಸಿದಾಗ ಮನೆಯವರು ಬೆಚ್ಚುವುದುಂಟು. ಅಷ್ಟು ವರ್ಷ ಹೊಳೆದದ್ದು ತೆಳ್ಳಗೆ, ಚಪ್ಪಟೆಯಾಗಿ, ತುಸು ಹಳದಿಯಾಗಿ ಅಂಗೈಮೇಲೆ ಬಿದ್ದಿರುತ್ತದೆ. ಕಲ್ಲು ಬದಲಾಯಿಸಿದರೇ ಎಂಬ ಅನುಮಾನವೂ ಬರುತ್ತದೆ. ಆದರೆ ತಗಡಿನ ಬೆಳಕನ್ನು ನಂಬಿ ಕತ್ತರಿಸಿದ ಕಲ್ಲು ಅದು. ಉಗುರುಗಳ ಮೇಲೆ ಎತ್ತಿ ನಿಲ್ಲಿಸಿದರೆ ಬೆಳಕು ಅದರ ಮೂಲಕ ನೇರ ಹಾದುಹೋಗಿ ಕೆಳಗಿನ ಬೆರಳು ಕಾಣುತ್ತದೆ. ಬ್ರಿಲಿಯಂಟ್ ಕಟ್ಟಿಗೆ ಮತ್ತೆ ಸಾಣೆ ಹಿಡಿಸಬೇಕೆಂದರೆ ಚಪ್ಪಟೆ ಕಲ್ಲಿನಲ್ಲಿ ಅದಕ್ಕೆ ಬೇಕಾದ ಆಳವಿಲ್ಲ. ಕೊನೆಗೆ ಉಳಿಯುವುದು ಸಾಸಿವೆಗಿಂತ ತುಸು ದೊಡ್ಡದು. ಅನುಭವವುಳ್ಳ ಅಕ್ಕಸಾಲಿಗನಾದರೆ ಕಲ್ಲನ್ನು ಎಬ್ಬಿಸುವ ಮೊದಲೇ ಈ ಮಾತು ಹೇಳುತ್ತಾನೆ. ಎಬ್ಬಿಸಿದ ಮೇಲಾದರೆ ಹಳೆಯ ತಗಡನ್ನು ತೆಗೆದು, ಹೊಸ ಬೆಳ್ಳಿಯ ತಗಡು ಇಟ್ಟು, ಉಂಗುರದಲ್ಲೂ ಅದನ್ನು ಬೆನ್ನು ಮುಚ್ಚಿಯೇ ಕೂರಿಸುತ್ತಾನೆ.